ಹೊಸ್ತಿಲ ಮೇಲಿನ ಬೂದುಗುಂಬಳ

ತಿಪ್ಪೇಶನಿಗೆ ಸಲಹೆ ಕೊಟ್ಟವರೆಲ್ಲ ಅವನ ಹಿತ ಬಯಸುವವರೇ. ತೊಂದರೆಯಾದದ್ದೇ ಅಲ್ಲಿ. ಕೆಟ್ಟವರು ಹೇಳಿದ್ದನ್ನು ಮನುಷ್ಯ ಒಂದು ಸಲವಾದರೂ ಅನುಮಾನಿಸಿ ನೋಡುತ್ತಾನೆ. ತಾಯಿ, ಹೆಂಡತಿ ಮತ್ತು ಮೊಬೈಲು ಹೇಳಿದ್ದನ್ನು ಯಾರು ಅನುಮಾನಿಸುತ್ತಾರೆ?

ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿಯಲ್ಲಿ, ಜಡೆಮ್ಮನವರ ಮನೆಯ ಮೇಲಂತಸ್ತಿನಲ್ಲಿ ತಿಪ್ಪೇಶ ಬಾಡಿಗೆಗಿದ್ದ. ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ತರ್ ಅವನು. ಬಟ್ಟೆಯನ್ನು ನೂಲಿನಷ್ಟೂ ಆಚೀಚೆ ಆಗದಂತೆ ಕತ್ತರಿಸುವ ಈ ಮನುಷ್ಯನಿಗೆ, ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಏನು ಮಾಡಿದರೂ ಒಂದು ಗೇಣು ತಪ್ಪುತ್ತಿತ್ತು. ಹೋದ ವರ್ಷ ಅವನಿಗೆ ತಾರಸಿ ತೋಟದ ಹುಚ್ಚು ಹಿಡಿಯಿತು. ಕುಂಡಗಳಿಗೆ ಯಾಕೆ ದುಡ್ಡು ಸುರಿಯಬೇಕೆಂದು, ಕಾರ್ಖಾನೆಯಲ್ಲಿ ಕೆಟ್ಟುಹೋದ ಪ್ಯಾಂಟುಗಳನ್ನು ತಂದು, ಕಾಲಿನ ತುದಿಗಳನ್ನು ಹೊಲಿದು, ಒಳಗೆ ಮಣ್ಣು ಗೊಬ್ಬರ ತುಂಬಿ ಮಾಳಿಗೆಯ ಮೇಲೆ ಸಾಲಾಗಿ ನಿಲ್ಲಿಸಿದ. ಕೆಳಗಿನಿಂದ ನೋಡಿದವರಿಗೆ, ಸೊಂಟದಿಂದ ಮೇಲೆ ಏನೂ ಇಲ್ಲದ ಒಂದು ಗುಂಪು ಜನ ಅಲ್ಲಿ ಸಭೆ ಸೇರಿದಂತೆ ಕಾಣುತ್ತಿತ್ತು.

ಟೊಮ್ಯಾಟೊ, ಬದನೆ, ಬೆಂಡೆ ಎಲ್ಲವನ್ನೂ ಹಾಕಿದ. ಬಳ್ಳಾರಿಯ ಬಿಸಿಲು ಅವುಗಳಲ್ಲಿ ಒಂದನ್ನೂ ಬಿಡಲಿಲ್ಲ. ಉಳಿದುಕೊಂಡದ್ದು ಮೂರೇ ಜಾತಿ: ನೀರಿನ ಟ್ಯಾಂಕಿನ ಮೇಲೆ ಹಬ್ಬಿದ ಬೂದುಗುಂಬಳ, ಹಳೇ ಡ್ರಮ್ಮಿನಲ್ಲಿದ್ದ ನಿಂಬೆ, ಮತ್ತು ಕೀಳಲು ಮರೆತು ಕೆಂಪಗೆ ಹಣ್ಣಾದ ಮೆಣಸಿನಕಾಯಿ. ಓದುಗರು ಈ ಮೂರನ್ನೂ ಒಟ್ಟಿಗೆ ನೆನೆಸಿಕೊಂಡರೆ ಎದೆ ಸ್ವಲ್ಪ ಝಲ್ಲೆನ್ನಬೇಕು. ತಿಪ್ಪೇಶನಿಗೆ ಝಲ್ಲೆನ್ನಲಿಲ್ಲ. ಅವನು ಆಗಲೇ ತನ್ನನ್ನು ಸಾವಯವ ಕೃಷಿಕ ಎಂದು ಕರೆದುಕೊಳ್ಳತೊಡಗಿದ್ದ. ಹತ್ತಿ ಮಾರಲು ಹತ್ತಿರದ ಮೋಕದಿಂದ ಬಂದ ರೈತರನ್ನು ಚಹಾದಂಗಡಿಯಲ್ಲಿ ಹಿಡಿದು ಕೂರಿಸಿ ಗೊಬ್ಬರದ ಬಗ್ಗೆ ಪಾಠ ಹೇಳುತ್ತಿದ್ದ. ಅವರೂ ಪಾಪ, ಚಹಾದ ದುಡ್ಡು ಅವನೇ ಕೊಡುತ್ತಾನೆಂದು ಕೇಳಿಸಿಕೊಳ್ಳುತ್ತಿದ್ದರು.

ಇನ್ನು ಆ ಮೂರು ಸಲಹೆಗಳು. ಮೊಬೈಲಿನಲ್ಲಿ ಒಬ್ಬ ಗಡ್ಡದ ಮಹಾಶಯ ಹೇಳಿದ್ದ, ಮೊದಲ ಫಸಲನ್ನು ನಾಲ್ಕು ಜನಕ್ಕೆ ಹಂಚಿದವನ ತೋಟ ಎಂದೂ ಬತ್ತುವುದಿಲ್ಲ ಎಂದು. ತವರಾದ ಸಿರುಗುಪ್ಪಕ್ಕೆ ಹೋಗಿದ್ದ ಹೆಂಡತಿ ಅನಿತಾ ಫೋನಿನಲ್ಲಿ, "ಹಂಚೂದಾದ್ರ ಹಂಚ್ರಿ, ಆದ್ರ ಮದಲನೇ ಕಾಯಿ ಅವು. ಅರಿಷಿಣ ಕುಂಕುಮ ಹಚ್ಚಿ ಪೂಜಿ ಮಾಡದ ಯಾರಿಗೂ ಕೊಡಬ್ಯಾಡ್ರಿ" ಎಂದಿದ್ದಳು. ತೀರಿಹೋದ ತಾಯಿಯ ಮಾತು ಇನ್ನೊಂದಿತ್ತು: ನಿಂಬೆಹಣ್ಣು, ಮೆಣಸಿನಕಾಯಿ ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವನಿಗೂ ಇಸಗೊಂಡವನಿಗೂ ಜಗಳ ತಪ್ಪದು. ಇದನ್ನು ಅವನು ಒಮ್ಮೆ ಮರೆತು, ಪಕ್ಕದ ಮನೆಯ ಚಂದ್ರಣ್ಣನ ಅಂಗೈಗೇ ಸಂತೆಯ ಮೆಣಸಿನಕಾಯಿ ಸುರಿದಿದ್ದ. ಅದೇ ವಾರ ಗಾಡಿ ನಿಲ್ಲಿಸುವ ಜಾಗಕ್ಕಾಗಿ ಇಬ್ಬರಿಗೂ ಹತ್ತಿಕೊಂಡ ಜಗಳ ಇನ್ನೂ ಆರಿರಲಿಲ್ಲ. ಹಾಗಾಗಿ ಈ ಸಲ ಯಾರ ಕೈಗೂ ಕೊಡುವುದಲ್ಲ, ಬಾಗಿಲ ಮುಂದೆ ಇಟ್ಟು ಬರುವುದು ಎಂದು ತೀರ್ಮಾನಿಸಿದ.

ಈ ಮೂರೂ ಒಳ್ಳೆಯ ಮಾತುಗಳಿಗೆ ತಿಪ್ಪೇಶ ತನ್ನ ಕೈಯಿಂದ ಸೇರಿಸಿದ್ದು ಒಂದೇ. ಕಾರ್ಖಾನೆಯಲ್ಲಿ ಆ ವಾರ ಕಪ್ಪು ಜೀನ್ಸಿನ ಆರ್ಡರು ನಡೆದಿತ್ತು. ಮಿಕ್ಕ ತುಂಡುಗಳನ್ನು ತಂದು, ಒಂದೊಂದು ಕುಂಬಳಕಾಯಿಗೆ ನಿಂಬೆಹಣ್ಣು, ಕೆಂಪು ಮೆಣಸಿನಕಾಯಿ ಕೂಡಿಸಿ, ಎಲ್ಲದಕ್ಕೂ ಅರಿಶಿನ ಕುಂಕುಮ ಬಳಿದು, ಕಪ್ಪು ಬಟ್ಟೆಯಲ್ಲಿ ಚೆಂದವಾಗಿ ಗಂಟು ಕಟ್ಟಿದ. ಭಾನುವಾರ ರಜೆ ಇತ್ತು. ಮಗಳು ಅಕ್ಷಿತಾ ಆಸ್ಪತ್ರೆಯಲ್ಲಿ ಡ್ಯೂಟಿಗೆ ಹೋಗಿದ್ದಳು. ಕೋಳಿ ಕೂಗುವ ಹೊತ್ತಿಗೆ ಓಣಿಯವರ ಹೊಸ್ತಿಲುಗಳ ಮೇಲೆ ಒಂದೊಂದು ಗಂಟು ಇಟ್ಟು, ಎಲ್ಲಕ್ಕಿಂತ ದೊಡ್ಡ ಕಾಯಿಯ ಗಂಟನ್ನು ಗಾಡಿಗೆ ಕಟ್ಟಿಕೊಂಡು ಕುರುಗೋಡಿನ ದಾರಿ ಹಿಡಿದ.

ಕುರುಗೋಡಿನಲ್ಲಿ ಅವನ ಬೀಗರಾಗಲಿದ್ದ ಉಚ್ಚೆಂಗೆಪ್ಪನ ಮನೆ. ಉಚ್ಚೆಂಗೆಪ್ಪನ ಮಗ ಶೇಖರ್ ಮತ್ತು ಅಕ್ಷಿತಾ ಒಂದೇ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವರು. ತಮ್ಮಲ್ಲಿ ಒಪ್ಪಿಕೊಂಡ ಮೇಲೆ ಹಿರಿಯರನ್ನು ಒಪ್ಪಿಸಿದ್ದರು. ಮಾತುಕತೆ ಮುಗಿದು ಬರುವ ತಿಂಗಳ ಲಗ್ನ ಗೊತ್ತಾಗಿತ್ತು. ತಿಪ್ಪೇಶ ಹೋದಾಗ ಮನೆ ಇನ್ನೂ ಎದ್ದಿರಲಿಲ್ಲ. ಬಾಗಿಲು ಬಡಿಯೋಣವೆಂದುಕೊಂಡ. ಆದರೆ ಅಂಗಿಯೆಲ್ಲ ಧೂಳಾಗಿತ್ತು, ಬೀಗರ ಮನೆಗೆ ಹೀಗೆ ಬರುವುದೇ? ಗಂಟನ್ನು ಹೊಸ್ತಿಲ ನಟ್ಟನಡುವೆ ಇಟ್ಟು, ಇವರು ನೋಡಿ ಎಷ್ಟು ಸಂತೋಷಪಡುತ್ತಾರೋ ಎಂದು ಹಿಗ್ಗುತ್ತ, ದಾರಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ತಿಂದು ಬಳ್ಳಾರಿಗೆ ಹಿಂತಿರುಗಿದ. ಆ ದಿನ ಅವನು ನೆಮ್ಮದಿಯಿಂದ ತಿಂದದ್ದು ಅದೊಂದೇ.

ಓಣಿಯ ಮೂಲೆ ತಿರುಗುತ್ತಲೇ ಜನ ಕಂಡರು.

"ತಿಪ್ಪೇಶಪ್ಪ, ಅಲ್ಲೇ ನಿಂದ್ರು. ದಾಟಬ್ಯಾಡ," ಎಂದು ಜಡೆಮ್ಮ ಕೈ ಅಡ್ಡ ಹಿಡಿದರು. ಮನೆಯ ಒಡತಿಯಾದ ಆಕೆಯ ಗಂಟಲಿಗೆ ಓಣಿಯ ನಾಯಿಗಳೂ ಹೆದರುತ್ತಿದ್ದವು.

"ಏನಾತ್ರಿ ಅಮ್ಮಾರ?"

"ಚೇತಬಡಿ," ಎಂದರು ಜಡೆಮ್ಮ. ಆಕೆಯ ತವರು ಆಂಧ್ರದ ಕಡೆ. ಮಾಟಕ್ಕೆ ಅವರು ಹಾಗೆ ಅನ್ನುತ್ತಾರೆ.

ಬೀದಿಯ ನಡುವೆ ಗಂಟುಗಳನ್ನೆಲ್ಲ ರಾಶಿ ಹಾಕಿದ್ದರು. ಚಂದ್ರಣ್ಣ ದೂರ ನಿಂತು ಉದ್ದ ಕೋಲಿನಿಂದ ಒಂದನ್ನು ಬಿಚ್ಚುತ್ತಿದ್ದ. ಕುಂಕುಮ ಬಳಿದುಕೊಂಡ ಬೂದುಗುಂಬಳವೊಂದು ಕಪ್ಪು ಬಟ್ಟೆಯಿಂದ ಹೊರಳಿ ಬಂದಾಗ ಇಡೀ ಓಣಿ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ನ್ಯಾಯವಾಗಿ ಹೇಳಬೇಕೆಂದರೆ ಅಲ್ಲಿದ್ದ ಪ್ರತಿಯೊಬ್ಬರ ಮನೆ ಬಾಗಿಲ ಮೇಲೂ ಅಂಥದೇ ಒಂದು ಕುಂಬಳಕಾಯಿ ನೇತಾಡುತ್ತಿತ್ತು. ಆದರೆ ಆ ಕಾಯಿ ಮೇಲೆ ನೇತಾಡಿದರೆ ಕಾವಲು, ಕೆಳಗೆ ಕೂತರೆ ಮಾಟ. ಇದರಲ್ಲಿ ಕಾಯಿಯ ತಪ್ಪೇನೂ ಇಲ್ಲ.

"ಇವತ್ತ ವಾರ ಯಾವುದು? ಆದಿತ್ಯವಾರ," ಎಂದ ಚಂದ್ರಣ್ಣ. ಜಗಳವಾದಾಗಿನಿಂದ ಅವನು ತಿಪ್ಪೇಶನನ್ನು ಮಾತಾಡಿಸಿದ್ದು ಇದೇ ಮೊದಲು. ಭಯಕ್ಕೆ ಅಂಥ ಶಕ್ತಿ ಇದೆ. "ತಿಥಿ ಯಾವುದು? ಅಮಾಸಿ. ಎರಡೂ ಕೂಡಿದ ದಿವಸ ನೋಡಿ ಇಟ್ಟಾನ. ಸಣ್ಣ ಮನಿಶಾ ಅಲ್ಲ ಅವ, ಭಾಳ ಓದಿಕೊಂಡಾನ."

ಅಮಾವಾಸ್ಯೆ ಎಂಬ ಮಾತು ತಿಪ್ಪೇಶನ ಕಿವಿಗೆ ಬಿದ್ದದ್ದು ಆಗಲೇ. ಅವನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಇನ್ನೂ ಹೋದ ತಿಂಗಳೇ ನಡೆದಿತ್ತು.

"ಅಲ್ರಿ ಅಮ್ಮಾರ, ಯಾರರ ಪ್ರೀತಿಲೆ ಕೊಟ್ಟಿರಬೌದಲ್ರಿ?"

"ಪ್ರೀತಿಲೆ ಕೊಡೋರು ಬಾಗಲಾ ಬಡೀತಾರ," ಎಂದರು ಜಡೆಮ್ಮ. "ಕಳ್ಳರಂಗ ಇಟ್ಟು ಓಡಿ ಹೋಗಾಂಗಿಲ್ಲ. ಅವ ನನ್ನ ಕೈಗೆ ಸಿಗಲಿ. ಈ ಓಣ್ಯಾಗ ಅಲ್ಲ, ಈ ಜಿಲ್ಲಾದಾಗ ಅವಗ ಬಾಡಿಗಿ ಮನಿ ಸಿಗದಂಗ ಮಾಡ್ತೀನಿ."

ಚಂದ್ರಣ್ಣ ಕೋಲು ಊರಿ ಓಣಿಯ ಬಾಗಿಲುಗಳನ್ನೆಲ್ಲ ಒಮ್ಮೆ ನೋಡಿದ. "ಎಲ್ಲಾರ ಬಾಗಲಿಗೂ ಇಟ್ಟಾನ. ಈ ತಿಪ್ಪೇಶನ ಬಾಗಲಿಗೆ ಮಾತ್ರ ಇಟ್ಟಿಲ್ಲ. ಯಾಕ?"

ಎಲ್ಲರೂ ತಿಪ್ಪೇಶನ ಕಡೆ ತಿರುಗಿದರು. ಅವನು ಬಾಯಿ ತೆರೆದ.

"ಇವನ ಹಂತ್ಯಾಕ ಏನೈತಿ ಅಂತ ಇಡ್ತಾರ?" ಎಂದುಬಿಟ್ಟರು ಜಡೆಮ್ಮ. ಓಣಿಗೆಲ್ಲ ಅದು ನಿಜ ಅನ್ನಿಸಿತು. ಅವಮಾನದಿಂದ ಇಷ್ಟು ಉಪಕಾರವಾದದ್ದು ತಿಪ್ಪೇಶನ ಜೀವಮಾನದಲ್ಲಿ ಇದೇ ಮೊದಲು.

ಆಗ ಅವನಿಗೆ ಕುರುಗೋಡು ನೆನಪಾಯಿತು. ನೆನಪಾಗುವುದಕ್ಕೂ ಜೇಬಿನಲ್ಲಿ ಫೋನು ಕೂಗುವುದಕ್ಕೂ ಸರಿಹೋಯಿತು.

"ಬೀಗರ, ಲಗೂನ ಬರ್ರಿ," ಎಂದಿತು ಉಚ್ಚೆಂಗೆಪ್ಪನ ದನಿ. "ಫೋನ್ಯಾಗ ಹೇಳೋ ಮಾತಲ್ಲ. ನಮ್ಮವ್ವ ಈ ಮದಿವಿ ಬ್ಯಾಡ ಅಂತ ಕುಂತಾಳ."

ತಿಪ್ಪೇಶ ಗಾಡಿ ತಿರುಗಿಸಿ, ಓಣಿಯ ಆಚೆ ನಿಲ್ಲಿಸಿ, ಸಿರುಗುಪ್ಪಕ್ಕೆ ಫೋನು ಹಚ್ಚಿ ಹೆಂಡತಿಗೆ ಎಲ್ಲ ಹೇಳಿದ.

"ಅರಿಷಿಣ ಕುಂಕುಮ ನಾ ಹೇಳಿದ್ದೆ," ಎಂದಳು ಅನಿತಾ. "ಕರಿ ಅರಿಬಿ ಯಾರು ಹೇಳಿದ್ರು?"

"ಅದು ಚಂದ ಕಾಣತೈತಿ ಅಂತ..."

"ಕೇಳ್ರಿ ಇಲ್ಲಿ. ಹುಡುಗಿ ಆಸೆ ಪಟ್ಟ ಸಂಬಂಧ ಇದು. ಮುರದ್ರ ಆಕಿ ಮುಖ ನೋಡಾಕ ಆಗಾಂಗಿಲ್ಲ ನಮಗ. ನೀವು ಹೋಗ್ರಿ, ಆದ್ರ ಬಾಯಿ ಬಿಡಬ್ಯಾಡ್ರಿ. ನಾ ಈಗ ಬಸ್ ಹತ್ತತೀನಿ."

ಕುರುಗೋಡಿನ ಅಂಗಳದ ನಡುವೆ ಅವನ ಗಂಟು ಕೂತಿತ್ತು. ಸುತ್ತ ಬೂದಿಯ ಗೆರೆ ಎಳೆದು, ಮೇಲೊಂದು ಬುಟ್ಟಿ ಕವುಚಿದ್ದರು. ಹಾವು ಹಿಡಿದಿಟ್ಟವರ ಮನೆಯಂತೆ ನೆರೆಹೊರೆಯವರು ಗೋಡೆಗೆ ಆನಿಕೊಂಡು ನಿಂತಿದ್ದರು. ಶೇಖರ್ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದ. ಉಚ್ಚೆಂಗೆಪ್ಪನ ತಾಯಿ ಊರಮ್ಮ ಮಂಚದ ಮೇಲೆ ಕೂತು ಆ ಬುಟ್ಟಿಯನ್ನೇ ನೋಡುತ್ತಿದ್ದಳು. ಬೆಳಗಿನಿಂದ ಒಂದು ಗುಟುಕು ಚಹಾ ಕೂಡ ಕುಡಿದಿರಲಿಲ್ಲವಂತೆ.

"ಲಗ್ನ ಗೊತ್ತು ಮಾಡಿದ ಮ್ಯಾಲ ಹೊಸ್ತಲಿಗೆ ಇದು ಬಂದು ಕುಂತೈತಿ," ಎಂದಳು ಊರಮ್ಮ. "ನನ್ನ ಮೊಮ್ಮಗನ ಜೀಂವಕ್ಕ ಏನರ ಆದ್ರ ಯಾರು ಕೊಡ್ತಾರ ಅವನ್ನ?"

ತಿಪ್ಪೇಶ ಬುಟ್ಟಿಯ ಕಡೆ ನೋಡದೆ, ಅಂಗಳದ ಬೇವಿನ ಮರವನ್ನು ನೋಡುತ್ತ ನಿಂತ. ಹೆಂಡತಿಯ ಅಪ್ಪಣೆಯಂತೆ ತುಟಿ ಬಿಗಿ ಹಿಡಿದಿದ್ದ.

"ಇಟ್ಟೋರು ಯಾರಂತ ನಮಗ ಗೊತ್ತಾಗೇತಿ ಬೀಗರ," ಎಂದ ಉಚ್ಚೆಂಗೆಪ್ಪ. ತಿಪ್ಪೇಶನ ಕೈ ಜೇಬಿನಲ್ಲಿ ಗಾಡಿಯ ಕೀಲಿ ಹುಡುಕಿತು. "ನಿಮ್ಮ ಮುಂದ ಹೇಳಾಕ ನಾಚಿಕಿ ಆಗತೈತಿ. ನನ್ನ ಒಡಹುಟ್ಟಿದ ತಂಗಿ, ಜೋಗಮ್ಮ. ತೆಕ್ಕಲಕೋಟಿಗೆ ಕೊಟ್ಟೀವಿ. ಆಕಿ ಮಗಳನ್ನ ನಮ್ಮ ಶೇಖರಗ ತಂದುಕೊಳ್ತೀವಂತ ಸಣ್ಣವರಿದ್ದಾಗ ಮಾತಾಗಿತ್ತು. ಹುಡುಗ ನಿಮ್ಮ ಅಕ್ಷಿತಾನ್ನ ಒಪ್ಪಿದ. ಅವತ್ತಿಂದ ಆಕಿ ಈ ಹೊಸ್ತಲಾ ತುಳದಿಲ್ಲ. ಮಾತುಕತಿಗೂ ಬರಲಿಲ್ಲ, ನೀವೂ ನೋಡಿಲ್ಲ ಆಕಿನ್ನ. ಆಕೀದ ಹೊಟ್ಟಿ ಉರಿ ಇದು."

ಊರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನನ್ನ ಹೊಟ್ಟ್ಯಾಗ ಹುಟ್ಟಿದಾಕಿನ ಹಿಂಗ ಮಾಡಿದ್ಲು."

"ಬರಾಕ ಹೇಳೀನಿ," ಎಂದ ಉಚ್ಚೆಂಗೆಪ್ಪ. "ಬರಲಿ. ಮಾಡೀನಿ ಅಂತ ಒಪ್ಪಿಕೊಳ್ಳಲಿ. ಇವತ್ತಿಗೆ ಆಕಿ ಋಣಾ ಹರಕೊಂಡು, ಈ ಕಾಯಿ ಒಯ್ದು ಕೆಂಚನಗುಡ್ಡದ ಹಂತ್ಯಾಕ ಹೊಳಿಗೆ ಹಾಕಿ ಬರೂಣು. ಆಮ್ಯಾಲ ಮದಿವಿಗೆ ಅಡ್ಡಿ ಇಲ್ಲ ಅಂತಾಳ ನಮ್ಮವ್ವ."

ಮದುವೆಗೆ ಅಡ್ಡಿಯಿಲ್ಲ. ತಿಪ್ಪೇಶ ಇನ್ನು ಮಾಡಬೇಕಾದ್ದು ಏನೂ ಇರಲಿಲ್ಲ. ಬೇವಿನ ಮರ ನೋಡುತ್ತ ನಿಂತರೆ ಸಾಕು, ಮಗಳ ಮದುವೆ ಉಳಿಯುತ್ತಿತ್ತು. ಇಷ್ಟು ಸುಲಭದ ಕೆಲಸ ಅವನಿಗೆ ಜೀವನದಲ್ಲಿ ಯಾರೂ ವಹಿಸಿರಲಿಲ್ಲ. ಅವನು ಹಿತ್ತಲಿಗೆ ಹೋಗಿ, ಎಮ್ಮೆಯ ಹಿಂದೆ ನಿಂತು ಹೆಂಡತಿಗೆ ಮತ್ತೆ ಫೋನು ಮಾಡಿದ. ಬಸ್ಸಿನ ಗದ್ದಲದಲ್ಲಿ ಅವಳು ಕುಂಬಳಕಾಯಿ, ಕಪ್ಪು ಬಟ್ಟೆ, ಪೂಜೆ ಎಂದು ಮತ್ತೆ ಕೂಗಿ ಕೂಗಿ ಬೈದಳು. ಅವರ ತಂಗಿಯ ಮೇಲೆ ಹಾಕಿದ್ದಾರೆಂದು ಹೇಳಿದ. ಯಾವ ತಂಗಿ ಎಂದು ಕೇಳಿದಳು. ಹುಡುಗನ ಸೋದರತ್ತೆ, ಮಗಳ ಸಂಬಂಧ ತಪ್ಪಿದವಳು ಎಂದು ಹೇಳಿದ. ಅಷ್ಟರಲ್ಲಿ ಫೋನು ಕಟ್ಟಾಯಿತು. ಎಮ್ಮೆ ಒಮ್ಮೆ ತಿರುಗಿ ಇವನನ್ನು ನೋಡಿತು. ತಿಪ್ಪೇಶನಿಗೆ ಅದರ ನೋಟವನ್ನೂ ಎದುರಿಸಲಾಗಲಿಲ್ಲ.

ಅವನು ಅಂಗಳಕ್ಕೆ ಬಂದು ನಿಂತು, "ಬೀಗರ, ನಿಮ್ಮ ತಂಗಿ ಅಲ್ಲ. ಅದನ್ನ ಇಟ್ಟಾವ ನಾನ," ಎಂದ.

ತಿಪ್ಪೇಶ ಕಣ್ಣು ಮುಚ್ಚಿಕೊಂಡು ಮೊದಲ ಏಟಿಗೆ ಕಾದ. ಏಟು ಬೀಳಲಿಲ್ಲ. ಉಚ್ಚೆಂಗೆಪ್ಪ ಬಂದು ಅವನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿದ್ದವು.

"ಎಂಥಾ ಮನಸ್ಸು ನಿಮ್ಮದು," ಎಂದ. "ನಮ್ಮ ಮನಿ ಮಾನ ಬೀದಿಗೆ ಬರಬಾರದಂತ ನಿಮ್ಮ ತಲಿ ಮ್ಯಾಲ ಹಾಕ್ಕೊಂತೀರಿ."

"ಹಂಗಲ್ರಿ, ಖರೇನ ನಾನ ಇಟ್ಟೀನಿ."

"ನೋಡವ್ವ, ಇನ್ನಾ ಬಿಡವಲ್ರು."

"ದೇವರಂಥಾ ಮನಿಶಾ," ಎಂದು ಊರಮ್ಮ ಕೈ ಮುಗಿದಳು. ಗೋಡೆಗೆ ಆನಿದ್ದವರೂ ಹೌದೌದೆಂದರು. ತಿಪ್ಪೇಶ ಎಷ್ಟೋ ವರ್ಷಗಳಿಂದ ಜನರ ಬಾಯಿಂದ ಒಂದು ಒಳ್ಳೆಯ ಮಾತಿಗೆ ಹಾತೊರೆದಿದ್ದ. ಅದು ಸಿಕ್ಕಿದ ದಿನ ಅವನಿಗೆ ಬೇಡವಾಗಿತ್ತು.

ಪುರಾವೆ ಕೊಡದೆ ಇವರು ನಂಬುವುದಿಲ್ಲ ಎಂದುಕೊಂಡು ಅವನು ಎಲ್ಲವನ್ನೂ ಬಿಡಿಸಿ ಹೇಳತೊಡಗಿದ. "ನಮ್ಮ ಮಾಳಗಿ ಮ್ಯಾಲ ಬೆಳದದ್ರಿ ಇವು. ಪ್ಯಾಂಟಿನ್ಯಾಗ."

"ಎದರಾಗ?"

"ಪ್ಯಾಂಟಿನ್ಯಾಗ್ರಿ. ಮೆಣಸಿನಕಾಯಿ ಎಡಗಾಲಾಗ ಬಂದಾವ. ಕುಂಬಳಬಳ್ಳಿ ಬಲಗಾಲಾಗಿಂದ ಎದ್ದು ಟ್ಯಾಂಕಿನ ಮ್ಯಾಲ ಹೋಗೇತಿ."

ಉಚ್ಚೆಂಗೆಪ್ಪ ಮೆಲ್ಲಗೆ ಅವನ ಕೈ ಬಿಟ್ಟ. ಊರಮ್ಮ ಮಂಚದಿಂದ ಇಳಿದು ಅವನ ಮುಖವನ್ನು ಹತ್ತಿರದಿಂದ ನೋಡಿದಳು.

"ಬೂದಿ ತರ್ರಿ," ಎಂದಳು. "ಇವಗ ತಟ್ಟೇತಿ."

"ನನಗೇನೂ ತಟ್ಟಿಲ್ಲಬೇ ಅಜ್ಜಿ, ಮನ್ಯಾಗ ಬೆಳದ ಕಾಯಿಪಲ್ಯ ಅದು, ಬೇಕಾದ್ರ ನಾ ತಿಂದು ತೋರಸ್ತೀನಿ," ಎಂದು ತಿಪ್ಪೇಶ ಬೂದಿಯ ಗೆರೆ ದಾಟಿ, ಬುಟ್ಟಿ ಎತ್ತಿ, ಗಂಟಿಗೆ ಕೈ ಹಾಕಿ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿ ಅಗಿದ. ಸಿಕ್ಕಿದ್ದು ಮೆಣಸಿನಕಾಯಿ. ಸಾವಯವ ಕೃಷಿಯಲ್ಲಿ ಏನೇ ಕೊರತೆ ಇರಲಿ, ಖಾರಕ್ಕೆ ಇರಲಿಲ್ಲ. ಅವನ ಕಣ್ಣು ಕೆಂಪಾದವು, ಮೂಗು ಸುರಿಯಿತು, ಮೈಯೆಲ್ಲ ಬೆವತು, ನಿಂತಲ್ಲೇ ಕುಣಿಯತೊಡಗಿದ.

"ಬಂತು, ಮೈಮ್ಯಾಲ ಬಂತು," ಎಂದರು ಗೋಡೆಯ ಕಡೆಯವರು. ಇಬ್ಬರು ಅವನ ತೋಳು ಹಿಡಿದು ಕೂರಿಸಿದರು. ಒಬ್ಬ ತಲೆಯ ಮೇಲೆ ಬೇವಿನಸೊಪ್ಪು ಸುರಿದ. ಊರಮ್ಮ ಹಣೆಗೆ ಬೂದಿ ತಿಕ್ಕಿ, "ಯಾರು ನೀನು? ಹೆಸರು ಹೇಳು," ಎಂದು ಗದರಿದಳು.

"ತಿಪ್ಪೇಶ," ಎಂದ ತಿಪ್ಪೇಶ, ಉಸ್ಸೆನ್ನುತ್ತ.

"ಇವನ ಹೆಸರನ್ನ ಹೇಳತೈತಿ ನೋಡ್ರಿ. ಭಾಳ ಶಾಣ್ಯಾ ದೆವ್ವ," ಎಂದಳು ಊರಮ್ಮ. "ಎಲ್ಲಿಂದ ಬಂದಿ?"

"ಬಳ್ಳಾರಿಂದ."

"ಯಾರು ಕಳಿಸಿದ್ರು?"

ಯಾರೂ ಕಳಿಸಿಲ್ಲ, ನಾನೇ ಬಂದೆ ಎಂದು ಅವನು ಅಂದದ್ದು ಖಾರದಲ್ಲಿ ಯಾರಿಗೂ ತಿಳಿಯಲಿಲ್ಲ. ಇನ್ನೊಂದು ಸುತ್ತು ಬೇವಿನಸೊಪ್ಪಿಗೆ ಯಾರೋ ಮರ ಹತ್ತಿದರು. ಅಷ್ಟರಲ್ಲಿ ಬೀದಿಯ ಕಡೆಯಿಂದ ಇಬ್ಬರು ಹೆಂಗಸರು ಮಾತಾಡುತ್ತ ಬಂದರು. ಒಬ್ಬಳು ಅನಿತಾ. ಅವಳು ಗಂಡನ ತಲೆಯ ಮೇಲಿನ ಸೊಪ್ಪನ್ನೂ ಹಣೆಯ ಬೂದಿಯನ್ನೂ ನೋಡಿ ನಿಂತುಬಿಟ್ಟಳು. ಇನ್ನೊಬ್ಬಳು ಎತ್ತರದ, ಕಪ್ಪಗಿನ, ನೆಟ್ಟನೆಯ ಹೆಂಗಸು. ಹೊಸ್ತಿಲ ತನಕ ಬಂದು ಕಾಲು ಒಳಗಿಡದೆ ಅಲ್ಲೇ ನಿಂತಳು.

"ಬಂದಿ ಜೋಗಮ್ಮ," ಎಂದ ಉಚ್ಚೆಂಗೆಪ್ಪ. "ಒಂದ ಮಾತು ಹೇಳು. ಇದನ್ನ ಇಟ್ಟಾಕಿ ನೀನೋ ಅಲ್ಲೋ?"

ಅನಿತಾ ಆ ಹೆಂಗಸಿನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ದಾರಿಯುದ್ದಕ್ಕೂ ತನ್ನ ಪಕ್ಕದಲ್ಲಿ ಕೂತಿದ್ದವಳು ಯಾರೆಂದು ಅವಳಿಗೆ ತಿಳಿದದ್ದು ಈಗ.

ಜೋಗಮ್ಮ ಅಣ್ಣನಿಗೆ ಉತ್ತರ ಕೊಡಲಿಲ್ಲ. ತಿಪ್ಪೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವ್ರನ ಏನು ಕಟಿಂಗ್ ಮಾಸ್ತರು?" ಎಂದು ಅನಿತಾಳನ್ನು ಕೇಳಿದಳು. ಅನಿತಾ ಬಾಯಿಗೆ ಸೆರಗು ಒತ್ತಿಕೊಂಡು ತಲೆಯಾಡಿಸಿದಳು. ತಿಪ್ಪೇಶ ಲೆಕ್ಕ ಹಾಕಿದ. ಈ ಹೆಂಗಸಿಗೆ ಎಲ್ಲ ಗೊತ್ತಿದೆ. ಈ ಹೆಂಗಸಿನ ಮಗಳ ಸಂಬಂಧ ತಪ್ಪಿದ್ದು ಅಕ್ಷಿತಾಳಿಂದ. ಇವಳೀಗ ಹೌದು, ಇವನೇ ಮಾಟಗಾರ ಎಂದು ಬಿಟ್ಟರೆ, ಇಡೀ ಅಂಗಳ ನಂಬುತ್ತದೆ.

"ಹೇಳ್ತೀನಿ ಕೇಳಣ್ಣ," ಎಂದಳು ಜೋಗಮ್ಮ. "ತೆಕ್ಕಲಕೋಟ್ಯಾಗ ಬಸ್ ಹತ್ತಿದೆ. ಈ ತಂಗಿ ಸರದು ಜಾಗ ಕೊಟ್ಲು. ಫೋನ್ಯಾಗ ಗಂಡಗ ಬೈಯಾಕತ್ತಿದ್ಲು, ಬಸ್ಸಿಗೆಲ್ಲಾ ಕೇಳ್ತಿತ್ತು. ಕುಂಬಳಕಾಯಿ ಅಂತ, ಕರಿ ಅರಿಬಿ ಅಂತ, ಪೂಜಿ ಅಂತ. ಕಂಡಕ್ಟರ್ ಸೈತ ಟಿಕೇಟು ಹರಿಯೂದು ಬಿಟ್ಟು ಕೇಳಿದ. ಈ ಮನಿಶಾ ಓಣಿಗೆಲ್ಲಾ ಕಾಯಿಪಲ್ಯ ಹಂಚಿ, ಮಗಳ ಬೀಗರಿಗೂ ಇರಲಿ ಅಂತ ಇಲ್ಲಿಗೆ ತಂದು ಇಟ್ಟು ಹೋಗ್ಯಾನ. ಇದರಾಗ ಮಾಟಾ ಇಲ್ಲ, ಏನೂ ಇಲ್ಲ. ಬರೇ ದಡ್ಡತನ."

"ನಾ ಅದನ್ನ ಹೇಳಾಕತ್ತಿದ್ದೆ," ಎಂದ ತಿಪ್ಪೇಶ ಕುಗ್ಗಿದ ದನಿಯಲ್ಲಿ.

"ಆಮ್ಯಾಲ ಫೋನು ಇಟ್ಟು ನನ್ನ ಕೂಡ ಒಂದ ಮಾತಂದ್ಲು ಈಕಿ," ಎಂದು ಜೋಗಮ್ಮ ಮುಂದುವರಿಸಿದಳು. "'ಆ ಸೋದರತ್ತಿ ಯಾರೋ ಏನೋ, ಪಾಪ. ಮಗಳ ಸಂಬಂಧ ತಪ್ಪಿ ಮದಲ ನೊಂದಿರತಾಳ, ಈಗ ಇದನ್ನೂ ಆಕಿ ಮ್ಯಾಲ ಹಾಕ್ಯಾರ' ಅಂದ್ಲು. ನಾ ಯಾರಂತ ಆಕಿಗೆ ಗೊತ್ತಿಲ್ಲ. ಯವ್ವ, ನನ್ನ ಹಡದಾಕಿ ನೀನು. ಅಣ್ಣ, ನನ್ನ ಎತ್ತಿ ಆಡಿಸಿದಾವ ನೀನು. ನಿಮ್ಮಿಬ್ಬರಿಗೂ ಒಂದ ದಿವಸ ಪಾಪ ಅನಸಲಿಲ್ಲ. ಗುರುತಿಲ್ಲದಾಕಿಗೆ ಅನಸ್ತು."

ಉಚ್ಚೆಂಗೆಪ್ಪ ನೆಲ ನೋಡಿದ. ಗೋಡೆಗೆ ಆನಿದ್ದವರಿಗೆ ತಮ್ಮ ತಮ್ಮ ಮನೆಯ ಕೆಲಸಗಳು ನೆನಪಾಗಿ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಮರ ಹತ್ತಿದ್ದವನೂ ಸೊಪ್ಪು ಬಿಟ್ಟು ಇಳಿದು ಹೋದ. ಊರಮ್ಮ ಅಳುತ್ತ ಕೂತಿದ್ದಳು, ಆದರೆ ಕಣ್ಣು ಇನ್ನೂ ಆ ಕಾಯಿಯ ಮೇಲೆಯೇ ಇತ್ತು.

"ಆದ್ರೂ ಅಮಾಸಿ ದಿವಸ ಬಂದ ಕಾಯಿ ಅದು," ಎಂದಳು. "ಮದಿವಿ ಬ್ಯಾಡ. ನನಗ ಅಂಜಿಕಿ ಆಗತೈತಿ."

ತಿಪ್ಪೇಶ ಅನಿತಾಳ ಕಡೆ ನೋಡಿದ. ಅನಿತಾ ನೆಲದ ಕಡೆ ನೋಡಿದಳು. ಸತ್ಯ ಗೊತ್ತಾದ ಮೇಲೂ ಹೋಗದ ಭಯಕ್ಕೆ ಇಬ್ಬರ ಹತ್ತಿರವೂ ಮದ್ದು ಇರಲಿಲ್ಲ.

ಜೋಗಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. ಸೀದಾ ಹೋಗಿ ಕುಂಬಳಕಾಯಿಯನ್ನು ಕಂಕುಳಿಗೆ ಎತ್ತಿಕೊಂಡಳು. ಅಡುಗೆಮನೆಯಿಂದ ಈಳಿಗೆ ತಂದು ಪಡಸಾಲೆಯಲ್ಲೇ ಕೂತು, ತಾಯಿ ಬ್ಯಾಡಬ್ಯಾಡವೆನ್ನುತ್ತಿದ್ದಂತೆ ಎರಡು ಹೋಳು ಮಾಡಿದಳು. ಒಳಗೆ ಬೆಳ್ಳಗೆ ತಿರುಳಿತ್ತು, ಬೀಜವಿತ್ತು. ಬೇರೆ ಏನೂ ಇರಲಿಲ್ಲ. ಅದನ್ನೂ ಊರಮ್ಮ ಬಗ್ಗಿ ಬಗ್ಗಿ ನೋಡಿದಳು. ಅನಿತಾ ಎದ್ದು ಹೋಗಿ ಬೇಳೆ ತೊಳೆದಳು. ಒಲೆಯ ಮುಂದೆ ಇಬ್ಬರು ಹೆಂಗಸರು ಏನು ಮಾತಾಡಿಕೊಂಡರೋ ಹೊರಗಿನವರಿಗೆ ಕೇಳಲಿಲ್ಲ. ಒಂದು ಸಲ ಮಾತ್ರ ಇಬ್ಬರೂ ಒಟ್ಟಿಗೆ ನಕ್ಕದ್ದು ಕೇಳಿಸಿತು. ತನ್ನ ವಿಷಯವೇ ಇರಬೇಕೆಂದು ತಿಪ್ಪೇಶ ಊಹಿಸಿದ. ಊಹೆ ಸರಿಯಾಗಿತ್ತು.

ಆ ನಡುವೆ ಬಳ್ಳಾರಿಯಿಂದ ಜಡೆಮ್ಮನವರ ಫೋನು ಬಂತು. ಎಲ್ಲವನ್ನೂ ಒಪ್ಪಿಕೊಳ್ಳಲು ಈಗ ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು, ಒಂದೇ ಉಸಿರಿನಲ್ಲಿ ಹೇಳಿದ.

"ಚಂದ್ರಣ್ಣ ಎಲ್ಲಾ ಒಯ್ದು ಕಾಲುವಿಗೆ ಹಾಕಿ ಬಂದು ತಲಿ ಮ್ಯಾಲ ನೀರು ಹಾಕ್ಕೊಳಾಕತ್ತಾನ," ಎಂದರು ಜಡೆಮ್ಮ. "ನೀ ಸಂಜೀ ಮುಂದ ಬಾ. ಓಣಿ ಮಂದಿ ಎಲ್ಲಾ ನಿನ್ನ ಸಂಗಾಟ ಮಾತಾಡೂದೈತಿ."

ಅಲ್ಲಿಗೆ ತಿಪ್ಪೇಶನ ಮೊದಲ ಫಸಲಿನಲ್ಲಿ ಒಲೆಯ ತನಕ ಹೋದದ್ದು ಈ ಮನೆಯ ಕಾಯಿ ಒಂದೇ ಎಂದಾಯಿತು. ವರ್ಷಪೂರ್ತಿ ನೀರು ಹೊತ್ತದ್ದು ನೆನಪಾಗಿ ಅವನಿಗೆ ನಿಜವಾಗಿಯೂ ದುಃಖವಾಯಿತು.

ಜೋಗಮ್ಮ ಮೊದಲು ತನ್ನ ತಟ್ಟೆಗೇ ಬಡಿಸಿಕೊಂಡು, ಎಲ್ಲರ ಎದುರು ಕೂತು, ರೊಟ್ಟಿಯನ್ನು ಹುಳಿಯಲ್ಲಿ ಅದ್ದಿ ತಿಂದಳು. ಮನೆಯವರೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದರು. ತಿಪ್ಪೇಶ ಎಲ್ಲರಿಗಿಂತ ಹೆಚ್ಚು ನೋಡುತ್ತಿದ್ದ. ಅವಳು ಇನ್ನೊಂದು ತುತ್ತು ಮಾಡಿ, ಅದನ್ನು ತಾಯಿಯ ಬಾಯಿಯ ಹತ್ತಿರ ಹಿಡಿದಳು.

"ನನಗ ವಿಷ ಹಾಕಾಕಿ ಅಲ್ಲ ನೀನು," ಎಂದಳು ಊರಮ್ಮ. ಅದು ಪ್ರಶ್ನೆಯೋ ಉತ್ತರವೋ ತಿಳಿಯಲಿಲ್ಲ. ಬಾಯಿ ತೆರೆದಳು. ಬಹಳ ಹೊತ್ತು ಅಗಿದಳು. "ಕಾಯಿ ಎಳೇದೈತಿ. ಇನ್ನಾ ಎಂಟು ದಿನ ಬಳ್ಳ್ಯಾಗ ಬಿಡಬೇಕಿತ್ತು," ಎಂದು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಊಟ ಮುಗಿದು ಎಲೆ ಅಡಿಕೆ ಬಂತು. ತಿಪ್ಪೇಶನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಉಚ್ಚೆಂಗೆಪ್ಪನೇ ತಡೆಯಲಾರದೆ, "ಯವ್ವ, ಬೀಗರು ಹೊಂಟಾರ. ಏನು ಹೇಳ್ಲಿ?" ಎಂದ.

ಊರಮ್ಮ ಮಗನಿಗೆ ಹೇಳಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಮಗಳಿಗೆ ಹೇಳಿದಳು. "ಜೋಗಿ, ಮದಿವಿಗೆ ಅರಿಷಿಣ ಹಚ್ಚಾಕ ಸೋದರತ್ತಿ ಬೇಕು."

"ಬರ್ತೀನಿ," ಎಂದಳು ಜೋಗಮ್ಮ ತಿರುಗದೆ. ಆಮೇಲೆ ತಿಪ್ಪೇಶನ ಕಡೆ ನೋಡಿ, "ಅಡಿಗಿಗೆ ಕಾಯಿಪಲ್ಯ ತೆಕ್ಕಲಕೋಟಿಂದ ನಾನ ತರಸ್ತೀನಿ. ನೀವು ಮಗಳನ್ನ ಕರಕೊಂಡು ಬರ್ರಿ, ಅಷ್ಟ ಸಾಕು," ಎಂದಳು.

"ಆಗ್ಲಿ ಯಕ್ಕಾ," ಎಂದ ತಿಪ್ಪೇಶ, ಬಹಳ ವಿಧೇಯನಾಗಿ.

"ಜೋಗಿ," ಎಂದು ಊರಮ್ಮ ಮತ್ತೆ ಕರೆದಳು. "ನಿನ್ನ ಮಗಳನ್ನೂ ಕರಕೊಂಡು ಬಾ. ನಾ ಕರದೀನಿ ಅಂತ ಹೇಳು. ಆಕಿ ಮುಂದ ನಾ ತಪ್ಪು ಒಪ್ಪಿಕೊಳ್ಳೂದೈತಿ."

ಜೋಗಮ್ಮ ಸೆರಗು ಎಳೆದುಕೊಂಡು ಬೀದಿಗೆ ಇಳಿದು, ತಿಪ್ಪೇಶನ ಗಾಡಿಯ ಹತ್ತಿರ ಹೋಗಿ ಮನೆಗೆ ಬೆನ್ನು ಮಾಡಿ ನಿಂತಳು. ಅನಿತಾ ಹೋಗಿ ಅವಳ ಪಕ್ಕದಲ್ಲಿ ನಿಂತಳು. ಬಹಳ ಹೊತ್ತಿನ ಮೇಲೆ, "ಬಸ್ಸಿಗೆ ಹೊತ್ತಾತು, ಗಾಡಿ ಚಾಲೂ ಮಾಡ್ರಿ," ಎಂದು ಜೋಗಮ್ಮ ಕಣ್ಣೊರೆಸಿಕೊಂಡಳು. ತಿಪ್ಪೇಶ ಗಾಡಿ ಹತ್ತಿದ, ಹಿಂದೆ ಇಬ್ಬರೂ ಒತ್ತಿಕೊಂಡು ಕೂತರು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಜೋಗಮ್ಮ, "ಮಗಳಿಗೆ ಹೇಳಿ ನೋಡ್ತೀನಿ," ಎಂದು ಅನಿತಾಳ ಕೈ ಹಿಡಿದುಕೊಂಡಳು.